ಬಿಚ್ಚಿದಷ್ಟೂ ಕೂಡಿಕೊಂಡ ಕಾರು

ಗಂಡಸಿಗೆ ಮನೆಯಲ್ಲಿ ಒಂದು ಸ್ವಂತ ಕೋಣೆ ಬೇಕೋ ಬೇಡವೋ ಎಂಬುದನ್ನು ಇದುವರೆಗೆ ಯಾವ ಸರ್ಕಾರವೂ ತಲೆಗೆ ಹಚ್ಚಿಕೊಂಡಿಲ್ಲ. ಹಚ್ಚಿಕೊಂಡಿದ್ದರೆ ಈ ಕಥೆಯ ಯಜಮಾನರಿಗೆ ಇಂಥ ಗತಿ ಬರುತ್ತಿರಲಿಲ್ಲ. (‘ಯಜಮಾನರು’ ಎಂಬ ಮಾತನ್ನು ರೂಢಿಯಲ್ಲಿದೆ ಎಂದು ಬಳಸಿದ್ದಷ್ಟೇ, ಅಧಿಕಾರದ ಅರ್ಥದಲ್ಲಲ್ಲ. ಅಧಿಕಾರವೆಲ್ಲ ಇದ್ದದ್ದು ಅವರ ಹೆಂಡತಿಯ ಕೈಯಲ್ಲಿ.)

ಯಜಮಾನರು ಗಡಿಯಾರ ರಿಪೇರಿಯವರು. ಪೇಟೆಯ ಅಂಗಡಿಯನ್ನು ಮುಚ್ಚಿ, ಬೀದಿಗೆ ಕಿಟಕಿಯಿದ್ದ ಮನೆಯ ಮುಂಗೋಣೆಯಲ್ಲೇ ಕೆಲಸಕ್ಕೆ ಕೂರುತ್ತಿದ್ದರು. ಗೋಡೆ ತುಂಬ ಗಡಿಯಾರಗಳು, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಗಾಜಿನ ಲೋಟ ಬೋರಲು ಹಾಕಿ ಮುಚ್ಚಿಟ್ಟ ಸಣ್ಣ ಸಣ್ಣ ಚಕ್ರಗಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಲ್ಲಿ ಕೂತರೆಂದರೆ ಹೆಂಡತಿ ಕರೆದದ್ದೂ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ, ಕೇಳಿಸಲಿಲ್ಲ ಎಂದರೆ ನಂಬುವಂತಿತ್ತು. ಅಷ್ಟೊಂದು ಟಿಕ್‌ಟಿಕ್ ನಡುವೆ ಸಂಸಾರದ ಸದ್ದು ಅಡಗಿಹೋಗುವ ಜಾಗ ಇಡೀ ಮನೆಯಲ್ಲಿ ಅದೊಂದೇ.

ಹೆಂಡತಿ ಎದುರು ಶಾಲೆಯ ಮುಖ್ಯೋಪಾಧ್ಯಾಯಿನಿ. ಬೀದಿಗೆಲ್ಲ ಹೆಡ್‌ಮೇಡಂ. ಯಜಮಾನರೂ ಮನಸ್ಸಿನೊಳಗೆ ಹಾಗೇ ಕರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಬೀದಿ ದಾಟಿ ಮನೆಗೆ ಬರುತ್ತಿದ್ದರೇ ಹೊರತು, ಶಾಲೆಯ ದನಿಯನ್ನು ಶಾಲೆಯಲ್ಲೇ ಬಿಟ್ಟು ಬರುವ ಅಭ್ಯಾಸ ಅವರಿಗಿರಲಿಲ್ಲ.

ಒಂದು ಸಂಜೆ ಚಹಾ ಕುಡಿಯುತ್ತಾ ಹೆಡ್‌ಮೇಡಂ ಹೇಳಿದರು: “ಅಮ್ಮ ಬರ್ತಿದ್ದಾಳೆ.”

“ಬರಲಿ, ಬರಲಿ. ಸಂತೋಷ.”

“ಅವಳ ಮನೆ ಮೇಲ್ಛಾವಣಿ ಕಿತ್ತು ಹೊಸದು ಹಾಕಿಸ್ತಾಳಂತೆ. ಮುಗಿಯೋ ತನಕ ಇಲ್ಲೇ ಇರ್ತಾಳೆ.”

“ಇರಲಿ. ಅದಕ್ಕೇನಂತೆ.”

“ಮಂಡಿನೋವು. ಮೆಟ್ಟಿಲು ಹತ್ತೋಕಾಗಲ್ಲ. ಕೆಳಗಡೆ ಇರೋದು ಒಂದೇ ರೂಮು.”

ಯಜಮಾನರು ಚಹಾದ ಲೋಟ ಕೆಳಗಿಟ್ಟರು. ಅತ್ತೆಯ ಮೇಲೆ ಅವರಿಗೆ ಯಾವ ದ್ವೇಷವೂ ಇರಲಿಲ್ಲ. ಅತ್ತೆ ಒಳ್ಳೆಯವರೇ. ಆದರೆ ಒಳ್ಳೆಯವರಿಗೆಲ್ಲ ಕೋಣೆ ಬಿಟ್ಟುಕೊಡುತ್ತಾ ಹೋದರೆ ಮನುಷ್ಯ ಕೊನೆಗೆ ಎಲ್ಲಿ ಕೂರಬೇಕು? ಪ್ರಾಣಭಯದಲ್ಲಿ ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರಲ್ಲ, ಹಾಗೇ ಆಯಿತು.

“ಶೆಡ್ ಇದೆಯಲ್ಲ!” ಎಂದರು. “ಗಟ್ಟಿ ಗೋಡೆ, ಕಿಟಕಿ, ಒಳಗಿನಿಂದಲೇ ಒಂದು ಬಾಗಿಲು. ಸುಣ್ಣ ಬಳಿಸಿ, ಒಂದು ಫ್ಯಾನ್ ಹಾಕಿಸಿದರೆ ಅರಮನೆ.”

“ಅರಮನೇಲಿ ಮಾವನ ಕಾರು ನಿಂತಿದೆಯಲ್ಲ?”

ನಿಂತಿತ್ತು. ವರ್ಷಗಳಿಂದ ನಿಂತೇ ಇತ್ತು. ಹೆಡ್‌ಮೇಡಂ ಅವರ ಸೋದರಮಾವ, ಅಂದರೆ ಅತ್ತೆಯ ತಮ್ಮ, ಮದುವೆಯ ಗೋಜಿಗೆ ಹೋಗದೆ, ಆ ಪ್ರೀತಿಯನ್ನೆಲ್ಲ ಸುರಿದು ಸಾಕಿದ್ದ ಸ್ಪೋರ್ಟ್ಸ್ ಕಾರು ಅದು. ಸಾಯುವ ಮುಂಚೆ ಅಕ್ಕನ ಮಗಳ ಹೆಸರಿಗೆ ಬರೆದಿಟ್ಟು ಹೋಗಿದ್ದರು. ಮೂತಿ ಮಾತ್ರ ಹಾಸಿಗೆಯಷ್ಟು ಉದ್ದ, ಕೂರುವ ಜಾಗ ತೊಟ್ಟಿಲಿನಷ್ಟು. ಸೀಟು ಎರಡೇ. ತಲೆಯ ಮೇಲೆ ಸೂರಿಲ್ಲ. ಒಂದು ಕಾಲದಲ್ಲಿ ಕೆಂಪಾಗಿದ್ದದ್ದು ಈಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಟಯರುಗಳು ನೆಲಕ್ಕೆ ಒರಗಿ, ಸೀಟಿನಲ್ಲಿ ಬೀದಿಯ ಬೆಕ್ಕು ಪ್ರತಿ ವರ್ಷವೂ ತಪ್ಪದೆ ಬಾಣಂತನ ಮಾಡಿಕೊಳ್ಳುತ್ತಿತ್ತು.

ಹೆಡ್‌ಮೇಡಂ ತೀರ್ಪು ಕೊಟ್ಟರು. “ಅಮ್ಮ ಬರೋದರೊಳಗೆ ಶೆಡ್ ಖಾಲಿಯಾದರೆ ಅಮ್ಮನಿಗೆ ಶೆಡ್. ಆಗದಿದ್ದರೆ ನಿಮ್ಮ ರೂಮು. ಆಮೇಲೆ ಮುಖ ಊದಿಸಿಕೊಂಡು ಕೂರಬಾರದು.”

ಮರುದಿನವೇ ಯಜಮಾನರು ಹಳೇ ಕಾರುಗಳ ವ್ಯಾಪಾರಿಯನ್ನು ಕರೆತಂದರು. ಊರೆಲ್ಲ ಅವನನ್ನು ಗುಜರಿಯಣ್ಣ ಎನ್ನುತ್ತಿತ್ತು. ಗುಜರಿಯಣ್ಣ ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಬೆಕ್ಕಿನ ಹತ್ತಿರ ಬೈಸಿಕೊಂಡು, ಸೊಂಟ ನೆಟ್ಟಗೆ ಮಾಡಿದ.

“ಇಡೀ ಕಾರು ನನಗೆ ಬೇಡ ಸಾರ್. ಎಳಕೊಂಡು ಹೋಗೋಕೂ ಆಗಲ್ಲ, ಇದು ಓಡೋದೂ ಇಲ್ಲ. ಆದರೆ ಇಂಥ ಕಾರು ಇಟ್ಟುಕೊಂಡಿರೋ ಶೋಕಿದಾರರು ಇನ್ನೂ ಇದ್ದಾರೆ. ಮೀಟರು, ದೀಪ, ಕಾರ್ಬುರೇಟರು ಅಂತ ಒಂದೊಂದೇ ಸಾಮಾನಿಗೆ ಬಾಯಿ ಬಿಡ್ತಾರೆ. ನೀವು ಬಿಚ್ಚಿಡಿ, ನಾನು ವ್ಯಾನ್ ತಂದು ತುಂಬಿಕೊಂಡು ಹೋಗ್ತೀನಿ.”

“ಬಿಚ್ಚೋದು ತಾನೇ?” ಯಜಮಾನರು ನಕ್ಕರು. “ಉಗುರಿನಷ್ಟಗಲದ ಲೇಡೀಸ್ ವಾಚನ್ನೇ ಬಿಚ್ಚಿ ಹರವಿದವನು ನಾನು. ಈ ಆನೆಯನ್ನ ಬಿಚ್ಚೋದೇನು ಮಹಾ!”

ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ನಿಜ. ಆದರೆ ಅವರ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಕೆಲಸ ಕಲಿಸಿದ ಅಪ್ಪ ಅದನ್ನು ತಲೆಯ ಮೇಲೆ ಮೊಟಕಿ ಮೊಟಕಿ ಕೂರಿಸಿದ್ದರು. ಬಿಚ್ಚಿದ ಗಡಿಯಾರವನ್ನು ಬೆಳಕು ಹೋಗುವುದರೊಳಗೆ ಜೋಡಿಸಿ ಮುಚ್ಚಿಬಿಡಬೇಕು. ತೆರೆದಿಟ್ಟು ಊಟಕ್ಕೆ ಎದ್ದರೆ ಧೂಳು ಕೂರುತ್ತದೆ, ತಿರುಪು ಕಳೆಯುತ್ತದೆ, ಗಿರಾಕಿಯ ನಂಬಿಕೆಯೂ ಹೋಗುತ್ತದೆ. ಜೋಡಣೆ ಮುಗಿಯದ ದಿನ ಅಪ್ಪ ಮಗನಿಗೆ ಅನ್ನ ಹಾಕಿಸುತ್ತಿರಲಿಲ್ಲ. ಅಪ್ಪ ಹೋಗಿ ಎಷ್ಟೋ ಕಾಲವಾಗಿದ್ದರೂ ಸಂಜೆಯ ಬೆಳಕು ಮಸುಕಾಗುತ್ತಿದ್ದಂತೆ ಯಜಮಾನರ ಬೆರಳುಗಳು ತಮ್ಮಷ್ಟಕ್ಕೆ ತಾವೇ ಜೋಡಿಸಲು ಹೊರಡುತ್ತಿದ್ದವು. ಹಸಿವೂ ಆಗಲೇ ಶುರುವಾಗುತ್ತಿತ್ತು.

ಮೊದಲ ದಿನ ಅವರು ಎಲ್ಲಿಂದ ಶುರು ಮಾಡಿದರು ಎಂದು ಬೇರೆ ಹೇಳಬೇಕಾಗಿಲ್ಲ. ಸ್ಟಿಯರಿಂಗ್ ಹಿಂದೆ ಹಲಗೆಯಲ್ಲಿ ಒಂದು ಪುಟ್ಟ ಗಡಿಯಾರವಿತ್ತು. ಅದನ್ನು ಬಿಚ್ಚಿದರು. ಬಿಚ್ಚಿದ ಮೇಲೆ ಒಳಗೆ ನೋಡದಿರಲು ಅವರೇನು ಸಂನ್ಯಾಸಿಯೇ? ನೋಡಿದರು, ಊದಿದರು, ತೊಳೆದರು, ಒಂದು ಹನಿ ಎಣ್ಣೆ ಕೊಟ್ಟರು. ಅದು ಟಿಕ್ ಎಂದಿತು. ಅಷ್ಟರಲ್ಲಿ ಕತ್ತಲಾಗುತ್ತಾ ಬಂತು.

ಹೆಡ್‌ಮೇಡಂ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರು. “ಏನೇನು ಬಿಚ್ಚಿದಿರಿ?”

“ಗಡಿಯಾರ.”

“ಎಲ್ಲಿ?”

“ಅದರ ಜಾಗದಲ್ಲಿ ಹಾಕಿಬಿಟ್ಟೆ.”

“ಯಾಕೆ?”

“ಸರಿಯಾಗಿ ಟೈಮ್ ತೋರಿಸ್ತಿದೆ” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಮಾರನೆಯ ದಿನ ವೇಗದ ಮೀಟರು. ಅದೂ ಒಂದು ಬಗೆಯ ಗಡಿಯಾರವೇ. ಒಳಗೆ ಮುಳ್ಳು, ಚಕ್ರ, ಸುರುಳಿ. ಅದರ ಮಾರನೆಯ ದಿನ ಕಾರ್ಬುರೇಟರು. ಅದರೊಳಗಿನ ಸೂಜಿಯಂಥ ತೂತುಗಳಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ವಾಚಿನ ಬ್ರಷ್ಷಿನಲ್ಲಿ ಅದನ್ನು ಬಿಡಿಸುವಾಗ ಯಜಮಾನರಿಗೆ ಊಟದ ನೆನಪೂ ಆಗಲಿಲ್ಲ. ಆದರೆ ಸಂಜೆ ಹೊತ್ತಿಗೆ ಕಾರ್ಬುರೇಟರು ಮತ್ತೆ ಎಂಜಿನ್ನಿನ ಪಕ್ಕದಲ್ಲಿ, ನೆಂಟರ ಮನೆಯಿಂದ ಬಂದ ಹುಡುಗಿಯ ಹಾಗೆ ಮಿರಿಮಿರಿ ಮಿಂಚುತ್ತಾ ಕೂತಿತ್ತು.

“ರೀ, ನೀವು ಬಿಚ್ಚುತ್ತಿದ್ದೀರೋ, ಕಟ್ಟುತ್ತಿದ್ದೀರೋ?”

“ನೋಡು, ಕೊಳಕು ಸಾಮಾನನ್ನ ಗಿರಾಕಿಗೆ ಕೊಡೋಕಾಗುತ್ತಾ? ತೊಳೀಬೇಕು. ತೊಳೆದ ಮೇಲೆ ಸರಿಯಾಗಿದೆಯಾ ಅಂತ ನೋಡಬೇಡವಾ? ನೋಡಬೇಕಾದರೆ ಹಾಕಿ ನೋಡಬೇಕು.”

“ಹಾಕಿ ನೋಡಿದಿರಲ್ಲ. ತೆಗೀರಿ.”

“ಹೇಗೆ ತೆಗೀಲಿ? ಕಾರ್ಬುರೇಟರು ಸರಿಯಿದೆಯಾ ಗೊತ್ತಾಗೋಕೆ ಪೆಟ್ರೋಲು ಪಂಪು ಸರಿಯಿರಬೇಕು. ನಾಳೆ ಪಂಪು ಬಿಚ್ತೀನಿ.”

ಪಂಪು ಬಿಚ್ಚಿದರು. ಪಂಪನ್ನು ಪರೀಕ್ಷಿಸಲು ಟ್ಯಾಂಕು ಬೇಕಾಯಿತು. ಟ್ಯಾಂಕಿನಿಂದ ಕೊಳವೆ, ಕೊಳವೆಯಿಂದ ಎಂಜಿನ್ನಿನ ಹೊಟ್ಟೆ, ಅಲ್ಲಿಂದ ಗೇರು. ಹೀಗೆ ಒಂದಕ್ಕೊಂದು ಸಾಕ್ಷಿ ಹೇಳಿಸುತ್ತಾ, ಒಂದೊಂದನ್ನೂ ಬಿಚ್ಚಿ ಉಜ್ಜಿ ಸಂಜೆಗೆ ಸರಿಯಾಗಿ ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸುತ್ತಾ ದಿನಗಳು ಕಳೆದವು. ಬ್ರೇಕು ಬಿಚ್ಚಲು ಚಕ್ರ ತೆಗೆದವರು, ತೆಗೆದದ್ದಾಯಿತಲ್ಲ ಎಂದು ಟ್ಯೂಬಿಗೆ ತೇಪೆ ಹಾಕಿ ಗಾಳಿಯನ್ನೂ ತುಂಬಿದರು. ನೆಲಕ್ಕೆ ಒರಗಿದ್ದ ಕಾರು ಎದ್ದು ನಿಂತಿತು. ಬೆಕ್ಕು ತನ್ನ ಸಂಸಾರ ಕಟ್ಟಿಕೊಂಡು ಪಕ್ಕದ ಮನೆಗೆ ಹೊರಟುಹೋಯಿತು.

“ನಿಮಗೆ ಮನೆ ಕೆಡವೋಕೆ ಹೇಳಿದರೆ ಮೇಲೆ ಇನ್ನೊಂದು ಮಹಡಿ ಎಬ್ಬಿಸಿಬಿಡ್ತೀರಿ” ಎಂದರು ಹೆಡ್‌ಮೇಡಂ. “ನನಗೇನು? ಅಮ್ಮನ ಮಂಚ ಎಲ್ಲಾದರೂ ಒಂದು ಕಡೆ ಹಾಕಿದರಾಯ್ತು. ನಿಮ್ಮ ರೂಮಿನ ಕಿಟಕಿ ಚೆನ್ನಾಗಿದೆ, ಗಾಳಿ ಬರುತ್ತೆ.”

ಆ ಮಾತು ಯಜಮಾನರ ಎದೆಗೆ ನಾಟಿತು. ಅವತ್ತು ಅವರು ಮನಸ್ಸನ್ನು ಕಲ್ಲು ಮಾಡಿಕೊಂಡರು. ಏನಾದರೂ ಸರಿ, ಒಂದು ಸಾಮಾನನ್ನಾದರೂ ಗುಜರಿಯಣ್ಣನ ಅಂಗಡಿಗೆ ಮುಟ್ಟಿಸಿಯೇ ತೀರುವುದು ಎಂದು, ಎಡಗಡೆಯ ದೊಡ್ಡ ದೀಪವನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಗೇಟಿನ ತನಕ ಹೋದರು. ಹೋದವರು ಹಿಂದಿರುಗಿ ನೋಡಬಾರದಿತ್ತು, ನೋಡಿದರು. ಶೆಡ್ಡಿನ ಒಳಗಿಂದ ಕಾರು ಉಳಿದ ಒಂದೇ ಕಣ್ಣಿನಲ್ಲಿ ಅವರನ್ನೇ ನೋಡುತ್ತಿತ್ತು. ಯಜಮಾನರು ಹಾಗೇ ನಿಂತರು. ಅವರಿಗೆ ಆ ಕಾರಿನ ಮೇಲೆ ಮನಸ್ಸು ಬಂದುಬಿಟ್ಟಿತ್ತು, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಅತ್ತ ಕೋಣೆ ಬೇಕು, ಇತ್ತ ಕಾರಿನ ಕಣ್ಣು ಕೀಳಲು ಕೈ ಬಾರದು. ತಾವು ಕೂತ ಕೊಂಬೆಯನ್ನು ತಾವೇ ಕಡಿಯುತ್ತಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿದ್ದೂ, ಒಳಗೆ ಹೋಗಿ ದೀಪವನ್ನು ಅದರ ಜಾಗದಲ್ಲಿ ಕೂರಿಸಿ, ಬಟ್ಟೆಯಲ್ಲಿ ಒರೆಸಿದರು. ಒರೆಸಿದ ಮೇಲೆ ಬಲಗಡೆಯದು ಮಂಕಾಗಿ ಕಂಡಿತು. ಅದನ್ನೂ ಒರೆಸಿದರು.

ಕೊನೆಗೆ ಭಾನುವಾರ ಬಂತು. ಅತ್ತೆ ಬರುವ ದಿನವೂ ಅದೇ, ಗುಜರಿಯಣ್ಣನಿಗೆ ಹೇಳಿದ್ದ ದಿನವೂ ಅದೇ. ಗುಜರಿಯಣ್ಣ ಖಾಲಿ ವ್ಯಾನಿನಲ್ಲಿ ಗೋಣಿಚೀಲಗಳನ್ನು ಹಾಸಿಕೊಂಡು ಬಂದಿಳಿದ. ಶೆಡ್ಡಿನ ಮುಂದೆ ನಿಂತು ಕಣ್ಣು ಕಣ್ಣು ಬಿಟ್ಟ.

“ಸಾರ್, ಇದೇನು, ಬೇರೆ ಕಾರು ತಂದಿದ್ದೀರಾ?”

“ಅದೇ ಕಾರು.”

“ಬಿಚ್ಚಿಡ್ತೀನಿ ಅಂದಿದ್ರಿ?”

“ಬಿಚ್ಚಿದ್ದೆ. ಬಿಚ್ಚದಿರೋದು ಒಂದೂ ಇಲ್ಲ.”

“ನಂಬು ಅಣ್ಣ, ಬಿಚ್ಚಿದ್ದರು” ಎಂದರು ಹೆಡ್‌ಮೇಡಂ, ಸೊಂಟದ ಮೇಲೆ ಕೈಯಿಟ್ಟುಕೊಂಡು. “ದಿನಾ ಬಿಚ್ಚಿದ್ದರು. ನಾನೇ ಸಾಕ್ಷಿ.”

ಯಜಮಾನರು ಹಣೆ ಒರೆಸಿಕೊಂಡರು. “ಹೀಗೆ ಮಾಡೋಣ. ನಿನ್ನ ವ್ಯಾನಿನ ಬ್ಯಾಟರಿಯಿಂದ ಒಂದು ವಯರು ಕೊಡು. ಎಂಜಿನ್ನು ಹೊಡೆಯುತ್ತೆ ಅಂತ ನಿನ್ನ ಕಣ್ಣೆದುರಿಗೇ ತೋರಿಸಿಬಿಡ್ತೀನಿ. ಆಮೇಲೆ ಇಬ್ಬರೂ ಸೇರಿ ಬಿಚ್ಚಿ ಮಧ್ಯಾಹ್ನದೊಳಗೆ ವ್ಯಾನಿಗೆ ತುಂಬೋಣ. ಕತ್ತಲಾಗೋ ತನಕ ನನ್ನನ್ನ ಬಿಡಬೇಡ, ಅಷ್ಟೇ.”

ವಯರು ಕೊಟ್ಟದ್ದಾಯಿತು. ಬಾಟಲಿಯಲ್ಲಿದ್ದ ಪೆಟ್ರೋಲು ಹೊಯ್ದದ್ದಾಯಿತು. ಯಜಮಾನರು ಬಗ್ಗಿ ಕೀಲಿ ತಿರುಗಿಸಿದರು. ಕಾರು ಮೊದಲು ಕೆಮ್ಮಿತು, ಒಂದು ಮೋಡದಷ್ಟು ಹೊಗೆ ಕಾರಿತು, ಆಮೇಲೆ ಗಂಟಲು ಸರಿಮಾಡಿಕೊಂಡು ಒಂದೇ ಸಮನೆ ಗುರುಗುಟ್ಟತೊಡಗಿತು. ಯಜಮಾನರು ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿದರು. ಒಂದು ಬಡಿತ ಹೆಚ್ಚಿಲ್ಲ, ಒಂದು ಬಡಿತ ಕಡಿಮೆಯಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಕೋಣೆಯೂ ಬೇಡವಾಗಿತ್ತು, ಲೋಕವೂ ಬೇಡವಾಗಿತ್ತು.

ಅದೇ ಗಳಿಗೆಗೆ ಗೇಟಿನ ಮುಂದೆ ಟೆಂಪೋ ಬಂದು ನಿಂತಿತು. ಅತ್ತೆ ಇಳಿದರು. ಅವರ ಹಿಂದೆ ಮಂಚ, ಹಾಸಿಗೆ, ಪೆಟ್ಟಿಗೆ ಇಳಿದವು. ಟೆಂಪೋದವನು ಎಲ್ಲವನ್ನೂ ಗೇಟಿನ ಬಳಿ ಇಟ್ಟು ಹೊರಟುಹೋದ. ಅತ್ತೆ ಮಾತ್ರ ಸಾಮಾನಿನ ಕಡೆಗಾಗಲಿ ಮಗಳ ಕಡೆಗಾಗಲಿ ನೋಡದೆ, ಕೋಲೂರಿಕೊಂಡು ನೆಟ್ಟಗೆ ಶೆಡ್ಡಿಗೆ ಬಂದರು.

“ಇದು ಓಡುತ್ತಾ?”

“ಓಡುತ್ತೆ ಅತ್ತೆ. ಈಗ ಬಿಚ್ಚಿಬಿಡ್ತೀವಿ” ಎಂದರು ಯಜಮಾನರು.

“ಬ್ರೇಕು?”

“ಹಿಡಿಯುತ್ತೆ. ಅದನ್ನೂ ಬಿಚ್ಚಿದ್ದೆ.”

“ಬಾಗಿಲು ತೆಗೀರಿ.”

“ಅಮ್ಮ, ನಿನಗೆ ಇದರಲ್ಲಿ ಕೂರೋಕಾಗಲ್ಲ” ಎಂದು ಹೆಡ್‌ಮೇಡಂ ಓಡಿಬಂದರು.

“ನಿನ್ನ ಮಾವನಿಗೆ ಓಡಿಸೋದು ಕಲಿಸಿದ್ದೇ ನಾನು ಕಣೇ. ಅವನು ಹೊರಗೆ ಹೇಳಿಕೊಳ್ತಿರಲಿಲ್ಲ, ಮರ್ಯಾದೆ ಪ್ರಶ್ನೆ. ಹಿಡಿದುಕೋ ಈ ಕೋಲು.”

ಜೀವಮಾನವೆಲ್ಲ ಬೇರೆಯವರಿಗೆ ಕೋಲು ತೋರಿಸಿದ್ದ ಹೆಡ್‌ಮೇಡಂ ಬಾಯಿ ಮುಚ್ಚಿಕೊಂಡು ಕೋಲು ಹಿಡಿದುಕೊಂಡರು. (ಯಜಮಾನರು ಆ ದೃಶ್ಯವನ್ನು ಮನಸಾರೆ ನೋಡಿದರು. ಅವತ್ತು ಅವರಿಗೆ ದಕ್ಕಿದ್ದು ಅದೊಂದೇ.) ಅಳಿಯ ಒಂದು ಕಡೆ, ಗುಜರಿಯಣ್ಣ ಇನ್ನೊಂದು ಕಡೆ ಹಿಡಿದು ಅತ್ತೆಯನ್ನು ನಿಧಾನವಾಗಿ ಸೀಟಿಗೆ ಇಳಿಸಿದರು. ಅತ್ತೆ ಕಾಲು ನೀಡಿದರು. ಆ ಕಾರಿನಲ್ಲಿ ಕೂರುವುದೆಂದರೆ ಕಾಲು ನೀಡಿ ಅರ್ಧ ಮಲಗಿದ ಹಾಗೆ. ಮಂಡಿ ಮಡಚುವ ಪ್ರಸಂಗವೇ ಇಲ್ಲ.

“ಅಯ್ಯೋ, ಎಷ್ಟು ಹಾಯಾಗಿದೆ! ಯಾವ ಕುರ್ಚೀಲೂ ಹೀಗೆ ಕೂರೋಕಾಗಿರಲಿಲ್ಲ” ಎಂದರು ಅತ್ತೆ. ಮುಖ ಅರಳಿತ್ತು. “ಬಾರೇ, ಹತ್ತು.”

“ಅಮ್ಮ, ರಸ್ತೆಗೆ ಇಳಿಸೋ ಹಾಗಿಲ್ಲ, ಕಾಗದಪತ್ರ ಏನೂ ಸರಿಯಿಲ್ಲ.”

“ಎದುರಿಗೆ ನಿನ್ನ ಶಾಲೆ ಮೈದಾನ ಇದೆಯಲ್ಲ. ಗೇಟಿನ ಬೀಗ ತೆಗಿ, ತಳ್ಳಿಸಿಕೊಂಡು ಹೋಗೋಣ.”

ಎಂಜಿನ್ನು ಚಾಲೂ ಇದ್ದಂತೆಯೇ ವ್ಯಾನಿನ ವಯರು ಕಳಚಿ, ಗೇರು ಬಿಡಿಸಿ, ಯಜಮಾನರೂ ಗುಜರಿಯಣ್ಣನೂ ಕಾರನ್ನು ತಳ್ಳಿ ಬೀದಿ ದಾಟಿಸಿದರು. ಕೀಲಿಗೊಂಚಲು ಹಿಡಿದು ಕೂತಿದ್ದ ಹೆಡ್‌ಮೇಡಂ ಮೈದಾನದ ಮೊದಲ ಸುತ್ತಿನಲ್ಲಿ “ನಿಧಾನ ಅಮ್ಮ” ಎಂದು ಕೂಗುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಅವರ ಕೂದಲು ಬಿಚ್ಚಿ ಹಾರುತ್ತಿತ್ತು, ಕೂಗು ನಗುವಾಗಿತ್ತು. ಮದುವೆಯಾದ ಮೇಲೆ ಹೆಂಡತಿ ಹೀಗೆ ನಕ್ಕದ್ದನ್ನು ಯಜಮಾನರು ಕೇಳಿದ್ದು ಕಡಿಮೆ. ಸೀಟು ಎರಡೇ ಆದ್ದರಿಂದ ಅವರನ್ನು ಯಾರೂ ಕರೆಯಲಿಲ್ಲ.

ಗುಜರಿಯಣ್ಣ ಗೋಣಿಚೀಲಗಳನ್ನು ಮಡಚಿದ. “ಇನ್ನು ಇದನ್ನ ಬಿಚ್ಚೋ ಮಾತು ನಿಮ್ಮ ಅತ್ತೆ ಹತ್ತಿರ ನೀವೇ ಹೇಳಿ ಸಾರ್. ನನಗೆ ಸಂಸಾರ ಇದೆ” ಎಂದವನು, ಬರಿಗೈಯಲ್ಲಿ ಹೋಗಲು ಮನಸ್ಸಾಗದೆ, ಗೇಟಿನ ಬಳಿಯಿದ್ದ ಮಂಚದ ಒಂದು ಕಡೆ ಹಿಡಿದ. “ಬನ್ನಿ, ಇದನ್ನಾದರೂ ಒಳಗಿಡೋಣ. ಎಲ್ಲಿಗೆ? ಶೆಡ್ ಈಗ ಖಾಲಿ ಇದೆಯಲ್ಲ.”

ಯಜಮಾನರು ಶೆಡ್ಡಿನ ಕಡೆ ನೋಡಿದರು. ಹೌದು, ಖಾಲಿ! ಇಷ್ಟು ದಿನ ಕನಸಿನಲ್ಲಿ ಕಂಡದ್ದು ಕಣ್ಣೆದುರಿಗಿತ್ತು. ಮಂಚವನ್ನು ಈಗಲೇ ಒಳಗೆ ತಳ್ಳಿ ಹಾಸಿಗೆ ಹಾಸಿಬಿಟ್ಟರೆ? ಶೆಡ್ ಖಾಲಿಯಾದರೆ ಅಮ್ಮನಿಗೆ ಶೆಡ್ ಎಂಬ ತೀರ್ಪು ಇನ್ನೂ ಜಾರಿಯಲ್ಲಿದೆಯಲ್ಲವೇ? ಯಜಮಾನರು ಲಗುಬಗೆಯಿಂದ ಮಂಚದ ಇನ್ನೊಂದು ತುದಿ ಹಿಡಿದರು. ಇಬ್ಬರೂ ಎತ್ತಿಕೊಂಡು ಶೆಡ್ಡಿನ ಹೊಸ್ತಿಲ ತನಕ ಬಂದರು.

ಹಿಂದಿನಿಂದ ಹಾರ್ನು ಕೇಳಿಸಿತು. ಸ್ವತಃ ಯಜಮಾನರೇ ಬಿಚ್ಚಿ, ತೊಳೆದು, ಜೋಡಿಸಿದ್ದ ಹಾರ್ನು. ಬೀದಿಯ ತುದಿಯವರೂ ಇಣುಕಿ ನೋಡುವಂತಿತ್ತು. ಕಾಗದಪತ್ರದ ಮಾತು ಮೈದಾನದಲ್ಲೇ ಹಾರಿಹೋಗಿತ್ತೋ ಏನೋ, ಅತ್ತೆ ಬೀದಿ ದಾಟಿಸಿಕೊಂಡು ಬಂದು ಗೇಟಿನಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದರು.

“ಅಳಿಯಂದಿರೇ, ಸ್ವಲ್ಪ ಪಕ್ಕಕ್ಕೆ ಸರೀರಿ. ಕಾರು ಒಳಗೆ ಬರಬೇಕು.”

“ಅತ್ತೆ, ಇದು ನಿಮ್ಮ ಮಂಚ...”

“ಮಂಚ ಶೆಡ್ಡಿಗೆ ಹಾಕಿದರೆ ಕಾರು ಎಲ್ಲಿ ನಿಲ್ಲಬೇಕು? ಬಿಸಿಲಿನಲ್ಲಾ?” ಅತ್ತೆ ಕೇಳಿದ ರೀತಿ ಹೇಗಿತ್ತೆಂದರೆ, ಕೂಸನ್ನು ಬೀದಿಗೆ ಹಾಕಲು ಹೊರಟವರನ್ನು ಕೇಳಿದ ಹಾಗಿತ್ತು. ಯಜಮಾನರು ಹೆಂಡತಿಯ ಕಡೆ ನೋಡಿದರು. ಹೆಡ್‌ಮೇಡಂ ಹಾರಿದ ಕೂದಲನ್ನು ಗಂಟು ಹಾಕಿಕೊಳ್ಳುತ್ತಾ, “ನೀವೇ ಅಲ್ಲವೇನ್ರೀ ಓಡೋ ಹಾಗೆ ಮಾಡಿದ್ದು” ಎಂದರು.

ಮಂಚ ಮುಂಗೋಣೆಯತ್ತ ತಿರುಗಿತು. ಮೇಜು ಹೊರಬಂತು. ಗಡಿಯಾರಗಳಿಗೆ ಹೊಡೆಯುವುದನ್ನು ನಿಲ್ಲಿಸಬೇಕೆಂದು ಆಜ್ಞೆಯಾಯಿತು, ಅತ್ತೆಗೆ ಮಧ್ಯಾಹ್ನ ನಿದ್ದೆ. ಆದರೆ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅಡ್ಡ ಮಾಡಿದರು, ಉದ್ದ ಮಾಡಿದರು, ಓರೆ ಮಾಡಿದರು. ಯಜಮಾನರ ಮನಸ್ಸಿನಲ್ಲಿ ಒಂದು ಆಸೆ ಚಿಗುರಿತು.

“ಹೋಗಲ್ಲ ಅನ್ಸುತ್ತೆ” ಎಂದರು, ದುಃಖ ತೋರಿಸುತ್ತಾ.

“ಬಿಚ್ಚಿ ಒಳಗೆ ತಗೊಂಡು ಹೋಗಿ ಸಾರ್” ಎಂದ ಗುಜರಿಯಣ್ಣ. “ಬಿಚ್ಚೋದರಲ್ಲಿ ನೀವು ಎತ್ತಿದ ಕೈಯಲ್ಲವಾ?” ಎಂದು ಹೇಳಿ ವ್ಯಾನು ಹತ್ತಿದ.

ಯಜಮಾನರು ಪಾನಾ ತಂದು ಮಂಚ ಬಿಚ್ಚಿದರು. ಕಾಲು, ಪಟ್ಟಿ, ಹಲಗೆಗಳನ್ನು ಒಂದೊಂದಾಗಿ ಕೋಣೆಗೆ ಸಾಗಿಸಿ ನೆಲದ ಮೇಲೆ ಹರವಿದರು. ಹರವಿದ ಮೇಲೆ ಕೈಕಟ್ಟಿಕೊಂಡು ಕೂತರು. ಈ ಸಲ ಜೋಡಿಸುವುದಿಲ್ಲ. ಬೋಲ್ಟು ತುಕ್ಕು ಹಿಡಿದಿದೆ, ಹಲಗೆ ಸೀಳಿದೆ, ಮಂಚ ಆಗುವುದಿಲ್ಲ ಎಂದು ಹೇಳಿಬಿಡುವುದು. ಅತ್ತೆ ಹಾಲ್‌ನಲ್ಲಿ ದಿವಾನದ ಮೇಲೆ ಮಲಗಲಿ. ಕಿಟಕಿಯ ಆಚೆ ಶಾಲೆಯ ಗೋಡೆಯ ಮೇಲಿನ ಬಿಸಿಲು ಹಳದಿಯಾಯಿತು, ಕೆಂಪಾಯಿತು, ಮಸುಕಾಗತೊಡಗಿತು. ಯಜಮಾನರ ಹೊಟ್ಟೆ ಚುರ್ ಎಂದಿತು. ಬೆರಳುಗಳು ಒಂದು ಬೋಲ್ಟನ್ನು ಎತ್ತಿಕೊಂಡು ಬಟ್ಟೆಯಲ್ಲಿ ಒರೆಸಿದವು. ಒರೆಸಿದ ಮೇಲೆ ಅದಕ್ಕೊಂದು ಹನಿ ಎಣ್ಣೆ.

ಊಟವಾದ ಮೇಲೆ ಅತ್ತೆ ಮಂಚದ ಮೇಲೆ ಕೂತರು. ಹುಷಾರಾಗಿ ಮಲಗಿದರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಮಂಚ ಕಮಕ್ ಕಿಮಕ್ ಎನ್ನಲಿಲ್ಲ.

“ಅಳಿಯಂದಿರೇ!” ಎಂದು ಕೂಗಿದರು ಅತ್ತೆ. ಯಜಮಾನರು ಶೆಡ್ಡಿನಲ್ಲಿ, ಕಾರಿನ ಮೂತಿಗೂ ಗೋಡೆಗೂ ನಡುವೆ ಉಳಿದಿದ್ದ ಸಂದಿನಲ್ಲಿ ಮೇಜನ್ನು ಹೇಗೆ ತೂರಿಸುವುದೆಂದು ಅಳೆಯುತ್ತಿದ್ದವರು, ಬಂದು ಬಾಗಿಲಲ್ಲಿ ನಿಂತರು.

“ನಮ್ಮ ಮನೇಲಿ ಮಗ್ಗುಲು ಬದಲಾಯಿಸಿದರೆ ಸಾಕು, ಈ ಮಂಚ ಬೀದಿಯವರನ್ನೆಲ್ಲ ಎಬ್ಬಿಸೋದು. ಇಲ್ಲಿ ನೋಡಿ, ಉಸಿರೇ ಇಲ್ಲ! ಏನು ಮಾಡಿದಿರಿ?”

“ಏನೂ ಇಲ್ಲ ಅತ್ತೆ. ಸುಮ್ಮನೆ ಜೋಡಿಸಿದೆ.”

“ಇಷ್ಟು ಗಟ್ಟಿಯಾಗಿ ಜೋಡಿಸಿದ ಮೇಲೆ ಇನ್ನು ಇದನ್ನ ಬಿಚ್ಚೋ ಮಾತು ಬೇಡ” ಎಂದರು ಅತ್ತೆ, ಹೊದಿಕೆ ಎಳೆದುಕೊಳ್ಳುತ್ತಾ. “ಮೇಲ್ಛಾವಣಿ ಕೆಲಸ ಮುಗಿದ ಮೇಲೆ ಆ ಮನೇನ ಬಾಡಿಗೆಗೆ ಕೊಟ್ಟುಬಿಡ್ತೀನಿ.”